ಎರಡು ಸಾಕೆಟ್ ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್: ಫ್ರೀಬಿಎಸ್‌ಡಿ, ಡೆಬಿಯನ್ ಎರಡನ್ನೂ ಓಡಿಸಿ ನೋಡಿದ ಮೇಲೆ

ಹಾಸನದ ಸುತ್ತಮುತ್ತಲ ಹಾಲು ಸಂಘಗಳ ಲೆಕ್ಕದ ಪೋಸ್ಟ್‌ಗ್ರೆಸ್ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ಬೆಳಿಗ್ಗೆ, ಸಂಜೆ ಹಾಲು ಅಳೆಯುವ ಹೊತ್ತಿಗೆ ಊರೂರಿಂದ ಲೀಟರು, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಲ್ಲ ಒಟ್ಟಿಗೇ ಬಂದು ಬೀಳುತ್ತವೆ. ಉಳಿದ ಹೊತ್ತು ಸರ್ವರ್‌ಗೆ ಅಂಥ ಕೆಲಸವಿಲ್ಲ. ಬಟವಾಡೆಯ ಹಿಂದಿನ ರಾತ್ರಿ ಮಾತ್ರ ಬಿಡುವೇ ಇರುವುದಿಲ್ಲ. ಯಂತ್ರಕ್ಕೆ ಎರಡು ಸಾಕೆಟ್ (ಪ್ರೊಸೆಸರ್ ಚಿಪ್ ಕೂರುವ ಜಾಗ), ಒಟ್ಟು 64 ಕೋರ್, 512 ಜಿಬಿ ಮೆಮೊರಿ. ಇದರ ಮೇಲೆ ಮೊದಲು ಫ್ರೀಬಿಎಸ್‌ಡಿ, ಆಮೇಲೆ ಡೆಬಿಯನ್ ಲಿನಕ್ಸ್, ಈ ಎರಡು ಆಪರೇಟಿಂಗ್ ಸಿಸ್ಟಂಗಳನ್ನು ವರ್ಷಗಟ್ಟಲೆ ಓಡಿಸಿದ್ದೇನೆ. ಈಗಿರುವುದು ಡೆಬಿಯನ್, ಇನ್ನು ಬದಲಿಸುವುದಿಲ್ಲ. ಆದರೆ ಇನ್‌ಸ್ಟಾಲ್ ಮಾಡಿ ಹಾಗೇ ಬಿಟ್ಟರೆ ಇಷ್ಟು ದೊಡ್ಡ ಯಂತ್ರಕ್ಕೆ ಹಾಕಿದ ದುಡ್ಡು ದಂಡ.

ಮುಖ್ಯ ಸಂಗತಿ ಮೆಮೊರಿಯದು. ಪೋಸ್ಟ್‌ಗ್ರೆಸ್‌ನಲ್ಲಿ ಒಂದೊಂದು ಕನೆಕ್ಷನ್‌ಗೂ ಒಂದೊಂದು ಪ್ರೊಸೆಸ್. ಅವೆಲ್ಲ ಹಂಚಿಕೊಳ್ಳುವ ಮೆಮೊರಿ, ಅಂದರೆ ಶೇರ್ಡ್ ಬಫರ್, 64 ಜಿಬಿ ಇಟ್ಟು, 4 ಕೆಬಿ ಪೇಜ್‌ನಲ್ಲೇ (ಪೇಜ್ ಅಂದರೆ ಮೆಮೊರಿಯ ಒಂದು ತುಂಡು) ಬಿಟ್ಟಿರಿ ಅಂದುಕೊಳ್ಳಿ. ಒಂದು ಪ್ರೊಸೆಸ್ ಆ ಬಫರನ್ನೆಲ್ಲ ಮುಟ್ಟಿದರೆ ಅದರ ಪೇಜ್ ಟೇಬಲ್ (ಯಾವ ಪೇಜ್ ಎಲ್ಲಿದೆ ಎಂಬ ಪಟ್ಟಿ) ಒಂದಕ್ಕೇ 128 ಎಂಬಿ ಬೇಕು. ಅಂಥ 300 ಕನೆಕ್ಷನ್ ಇದ್ದರೆ ಹತ್ತಿರ ಹತ್ತಿರ 38 ಜಿಬಿ ಬರೀ ವಿಳಾಸ ಬರೆದಿಡುವುದಕ್ಕೇ ಹೋಯಿತು! 2 ಎಂಬಿಯ ಹ್ಯೂಜ್ ಪೇಜ್ ಕೊಟ್ಟರೆ ಅದೇ 128 ಎಂಬಿ 256 ಕೆಬಿಗೆ ಇಳಿಯುತ್ತದೆ. ಲಿನಕ್ಸ್‌ನ ಮೆಮ್‌ಇನ್ಫೋ ಫೈಲ್‌ನಲ್ಲಿ ಪೇಜ್‌ಟೇಬಲ್ಸ್ ಸಾಲು ನೋಡಿ, ನಿಮಗೇ ಗೊತ್ತಾಗುತ್ತದೆ. ಪೋಸ್ಟ್‌ಗ್ರೆಸ್‌ನ ಹ್ಯೂಜ್ ಪೇಜ್ ಆಯ್ಕೆಯನ್ನು 'ಟ್ರೈ' ಎಂದು ಬಿಡಬೇಡಿ, 'ಆನ್' ಮಾಡಿ. ಟ್ರೈ ಇದ್ದರೆ ಜಾಗ ಸಿಗದಾಗ ಸದ್ದಿಲ್ಲದೆ ಸಣ್ಣ ಪೇಜ್‌ಗೆ ಇಳಿದುಬಿಡುತ್ತದೆ. ಆನ್ ಇದ್ದರೆ ಸರ್ವರ್ ಶುರುವೇ ಆಗುವುದಿಲ್ಲ, ತಕ್ಷಣ ತಿಳಿಯುತ್ತದೆ.

ಇನ್ನೊಂದು ನ್ಯೂಮಾ. ಒಂದೊಂದು ಸಾಕೆಟ್‌ಗೂ ಅದರದೇ ಮೆಮೊರಿ. ಆಚೆ ಸಾಕೆಟ್‌ನದನ್ನು ಓದಲು ಹೆಚ್ಚು ಹೊತ್ತು ಹಿಡಿಯುತ್ತದೆ. ಶೇರ್ಡ್ ಬಫರನ್ನು ಎರಡೂ ಕಡೆಯ ಕೋರ್‌ಗಳು ಮುಟ್ಟುವುದರಿಂದ, ಲಿನಕ್ಸ್ ತಾನಾಗಿ ಮಾಡುವ ನ್ಯೂಮಾ ಬ್ಯಾಲೆನ್ಸಿಂಗ್ (ಮೆಮೊರಿಯನ್ನು ಅದನ್ನು ಬಳಸುವ ಕೋರ್‌ನ ಕಡೆಗೆ ಸರಿಸುವುದು) ನಮ್ಮಲ್ಲಿ ಉಪಕಾರಕ್ಕಿಂತ ಉಪದ್ರವವೇ ಆಗಿತ್ತು. ಅದನ್ನು ಸೊನ್ನೆ ಮಾಡಿ, ನ್ಯೂಮಾಸಿಟಿಎಲ್ ಎಂಬ ಕಮಾಂಡ್‌ನ ಇಂಟರ್‌ಲೀವ್‌ನಿಂದ ಮೆಮೊರಿಯನ್ನು ಎರಡೂ ಕಡೆ ಸಮ ಹಂಚಿದ ಮೇಲೆ ಬೆಳಗಿನ ರಶ್‌ನಲ್ಲಿ ಆಗಾಗ ತಡೆದು ನಿಲ್ಲುತ್ತಿದ್ದದ್ದು ನಿಂತಿತು. ಹಳೇ ಲಿನಕ್ಸ್ ಕರ್ನಲ್ (ಲಿನಕ್ಸ್‌ನ ತಿರುಳು) ಇದ್ದವರು ಜೋನ್ ರಿಕ್ಲೇಮ್ ಮೋಡ್ (ಆಚೆ ಸಾಕೆಟ್‌ನ ಮೆಮೊರಿಗೆ ಹೋಗುವ ಮೊದಲು ತನ್ನ ಕಡೆಯಲ್ಲೇ ಜಾಗ ಖಾಲಿ ಮಾಡಿಸುವ ಸೆಟ್ಟಿಂಗ್) ಕೂಡ ನೋಡಿಕೊಳ್ಳಿ. 2014ರ 3.16ಕ್ಕೆ ಮೊದಲು ಕೆಲವು ಯಂತ್ರಗಳಲ್ಲಿ ಅದು ತಾನೇ ಆನ್ ಆಗುತ್ತಿತ್ತು.

ಫ್ರೀಬಿಎಸ್‌ಡಿ ಬಗ್ಗೆ ನನಗೆ ಈಗಲೂ ಗೌರವ. ದೊಡ್ಡ ಪೇಜ್‌ಗಳನ್ನು ತಾನೇ ಕಟ್ಟಿಕೊಳ್ಳುತ್ತದೆ, ಏನೂ ಹೇಳಬೇಕಿಲ್ಲ. ಅದರಲ್ಲಿ ಬರುವ ಝಡ್‌ಎಫ್‌ಎಸ್ ಫೈಲ್ ಸಿಸ್ಟಂನ ಸ್ನ್ಯಾಪ್‌ಶಾಟ್‌ನಂಥ (ಆ ಕ್ಷಣದ ಡೇಟಾದ ಚಿತ್ರ) ಅನುಕೂಲ ಬೇರೆಲ್ಲೂ ನನಗೆ ಸಿಕ್ಕಿಲ್ಲ. ಝಡ್‌ಎಫ್‌ಎಸ್‌ನ ರೆಕಾರ್ಡ್‌ಸೈಜ್ (ಡೇಟಾ ಬರೆಯುವ ತುಂಡಿನ ಅಳತೆ) ಮಾತ್ರ 128 ಕೆಬಿಯಲ್ಲೇ ಬಿಡಬೇಡಿ. ಪೋಸ್ಟ್‌ಗ್ರೆಸ್ ಬರೆಯುವುದು 8 ಕೆಬಿ ಪೇಜ್. 2018ರಲ್ಲಿ ಎಫ್‌ಸಿಂಕ್ (ಬರೆದದ್ದನ್ನು ಡಿಸ್ಕ್‌ಗೆ ಖಚಿತವಾಗಿ ಸೇರಿಸು ಎಂಬ ಆದೇಶ) ಗಲಾಟೆ ಎದ್ದಾಗಲೂ ಫ್ರೀಬಿಎಸ್‌ಡಿ ಮೇಲೆ ಇದ್ದವರು ನೆಮ್ಮದಿಯಾಗಿದ್ದರು. ಡಿಸ್ಕ್‌ಗೆ ಬರೆಯುವುದು ವಿಫಲವಾದರೆ ಲಿನಕ್ಸ್ ಒಮ್ಮೆ ತಪ್ಪು ಹೇಳಿ, ಮರುಸಲ ಕೇಳಿದಾಗ ಎಲ್ಲ ಸರಿ ಎನ್ನುತ್ತಿತ್ತು. ಫ್ರೀಬಿಎಸ್‌ಡಿ ಬರೆಯಬೇಕಾದ್ದನ್ನು ಕೈಬಿಡುತ್ತಿರಲಿಲ್ಲ. ಪೋಸ್ಟ್‌ಗ್ರೆಸ್ 11.2ರಿಂದ ಅಂಥ ಸಂದರ್ಭದಲ್ಲಿ ಸರ್ವರ್ ತಾನೇ ನಿಂತು, ವಾಲ್‌ನಿಂದ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಚೇತರಿಸಿಕೊಳ್ಳುತ್ತದೆ. ರೈತರ ದುಡ್ಡಿನ ಲೆಕ್ಕ ಇಟ್ಟವರಿಗೆ ಇದು ವೇಗಕ್ಕಿಂತ ದೊಡ್ಡ ವಿಷಯ.

ಹಾಗಿದ್ದರೂ ಕನೆಕ್ಷನ್ ಏರಿದಂತೆ ನಮ್ಮ ಯಂತ್ರದಲ್ಲಿ ಮುಂದೆ ನಿಂತದ್ದು ಲಿನಕ್ಸೇ. ಪರ್ಫ್ ಎಂಬ ಲಿನಕ್ಸ್‌ನ ಸಾಧನ ಹಿಡಿದು ಯಾವ ಲಾಕ್‌ನಲ್ಲಿ ಸಿಕ್ಕಿಕೊಂಡಿದೆ ಎಂದು ನೋಡುವುದೂ ಸಲೀಸು. ವಿಂಡೋಸ್ ಸರ್ವರ್ ಇಲ್ಲಿ ನಾನು ಹಾಕಿಲ್ಲ. ಕೋರ್ ಲೆಕ್ಕದಲ್ಲಿ ಲೈಸೆನ್ಸ್ ಕೊಳ್ಳಬೇಕಾದ್ದರಿಂದ 64 ಕೋರ್‌ಗೆ ನಮ್ಮ ಬಜೆಟ್ ಸಾಲದು.

ಒಂದೇ ಸಾಕೆಟ್, ಕಡಿಮೆ ಕನೆಕ್ಷನ್ ಇದ್ದವರು ಫ್ರೀಬಿಎಸ್‌ಡಿಯನ್ನು ಧೈರ್ಯವಾಗಿ ಹಾಕಬಹುದು. ಎರಡು ಸಾಕೆಟ್‌ನವರು ಲಿನಕ್ಸ್ ತಗೊಳ್ಳಿ. ವೇಗ ಅಳೆಯುವ ಸಾಧನ ಪಿಜಿಬೆಂಚ್ ಪೋಸ್ಟ್‌ಗ್ರೆಸ್ ಜೊತೆಗೇ ಬರುತ್ತದೆ, ನಿಮ್ಮದೇ ಕ್ವೆರಿಗಳನ್ನು ಅದಕ್ಕೆ ಕೊಟ್ಟು, ಕನೆಕ್ಷನ್ ಏರಿಸುತ್ತಾ ಕನಿಷ್ಠ ಒಂದು ಗಂಟೆ ಓಡಿಸಿ. ಐದು ನಿಮಿಷದ ಓಟದಲ್ಲಿ ಚೆಕ್‌ಪಾಯಿಂಟ್‌ನ (ಮೆಮೊರಿಯ ಬದಲಾವಣೆಗಳನ್ನು ಡಿಸ್ಕ್‌ಗೆ ಇಳಿಸುವುದು) ಹೊರೆ ಸರಿಯಾಗಿ ಕಾಣುವುದೇ ಇಲ್ಲ.