ಕಾರಿನ ಬ್ಯಾಟರಿ ಪದೇ ಪದೇ ಡೌನ್ ಆಗ್ತಿದ್ಯಾ? ಹೊಸದು ಹಾಕಿಸುವ ಮೊದಲು ಮೀಟರ್ ಹಿಡಿಸಿ

"ಬ್ಯಾಟರಿ ಹೋಗಿದೆ ಸಾರ್, ಚೇಂಜ್ ಮಾಡಿಬಿಡಿ." ಸೆಲ್ಫ್ ಹೊಡೆಯದ ಕಾರು ಗ್ಯಾರೇಜಿಗೆ ಬಂದರೆ ಮೊದಲು ಕೇಳಿಬರುವ ಮಾತು ಇದು. ನನಗೂ ಇದನ್ನೇ ಹೇಳಿ ಹೊಸ ಬ್ಯಾಟರಿ ಹಾಕಿದರು. ಅದೂ ಡೌನ್ ಆಯ್ತು. ಆಮೇಲೆ ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಮೇಲೆ ಗೂಬೆ ಕೂರಿಸಿ ಅದನ್ನೂ ಬದಲಾಯಿಸಿದರು. ಎರಡು ದಿನ ಕಾರು ನಿಲ್ಲಿಸಿದರೆ ಮತ್ತೆ ಅದೇ ಟಕ್ ಟಕ್ ಸದ್ದು. ಕೊನೆಗೆ ಕಳ್ಳ ಸಿಕ್ಕಿದ್ದು ಮ್ಯೂಸಿಕ್ ಸಿಸ್ಟಮ್ ಹಿಂದೆ, ಕಪ್ಪು ಟೇಪ್ ಸುತ್ತಿದ ಒಂದು ಗಂಟಿನಲ್ಲಿ.

ಬ್ಯಾಟರಿ ಡೌನ್ ಆಗೋಕೆ ಮುಖ್ಯವಾಗಿ ಮೂರು ಕಾರಣ. ಬ್ಯಾಟರಿಯೇ ಚಾರ್ಜ್ ಹಿಡಿಯುತ್ತಿಲ್ಲ. ಇಲ್ಲಾ, ಓಡುವಾಗ ಅದಕ್ಕೆ ಚಾರ್ಜ್ ಸಿಗುತ್ತಿಲ್ಲ. ಇಲ್ಲಾ, ಕಾರು ನಿಂತಿರುವಾಗ ಏನೋ ಒಂದು ಕರೆಂಟ್ ಹೀರುತ್ತಿದೆ. ಮೊದಲೆರಡನ್ನು ಅಳತೆಯೇ ಮಾಡದೆ ಪಾರ್ಟ್ ಬದಲಾಯಿಸಿದರು. ಮೂರನೆಯದರ ಮಾತೇ ಯಾರ ಬಾಯಲ್ಲೂ ಬರಲಿಲ್ಲ.

ಮೊದಲೆರಡನ್ನು ನೋಡೋಕೆ ವೋಲ್ಟ್, ಕರೆಂಟ್ ಅಳೆಯುವ ಸಾಧಾರಣ ಮಲ್ಟಿಮೀಟರ್ ಸಾಕು. ಕಾರು ರಾತ್ರಿಯಿಡೀ ನಿಂತ ಮೇಲೆ ಬ್ಯಾಟರಿಯ ಎರಡು ಟರ್ಮಿನಲ್‌ಗೆ ಮೀಟರ್ ಹಿಡಿಯಿರಿ. 12.6 ವೋಲ್ಟ್ ಆಸುಪಾಸು ಇದ್ದರೆ ಫುಲ್ ಚಾರ್ಜ್. 12.2 ಅಂದರೆ ಹೆಚ್ಚುಕಡಿಮೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಖಾಲಿ ಅಂತಲೇ ಲೆಕ್ಕ. ಆಗಷ್ಟೇ ಓಡಿಸಿ ನಿಲ್ಲಿಸಿದ ಕಾರಿನಲ್ಲಿ ಈ ಅಂಕಿ ಜಾಸ್ತಿ ತೋರಿಸುತ್ತದೆ, ನಂಬಬೇಡಿ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಹೆಡ್‌ಲೈಟ್ ಹಾಕಿ ನೋಡಿ. 13.8ರಿಂದ 14.5ರ ಒಳಗೆ ಬಂದರೆ ಚಾರ್ಜಿಂಗ್ ಸಾಮಾನ್ಯವಾಗಿ ಸರಿ ಇದೆ ಅಂತಲೇ. ಎಂಜಿನ್ ಓಡುತ್ತಿದ್ದರೂ 12.4ರಲ್ಲೇ ನಿಂತಿದ್ದರೆ ಆಗ ಆಲ್ಟರ್ನೇಟರ್, ಬೆಲ್ಟ್, ವೈರಿಂಗ್ ಕಡೆ ನೋಡಬೇಕು. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಮೊದಲು ಅದನ್ನು ಉಜ್ಜಿ ತೆಗೆದು ಬಿಗಿ ಮಾಡಿ. ಸುಮ್ನೆ ಅದೊಂದರಿಂದಲೇ ಎಷ್ಟೋ ಕಾರು ಸ್ಟಾರ್ಟ್ ಆಗದೆ ನಿಲ್ಲುತ್ತವೆ.

ಒಬ್ಬ ಮೆಕ್ಯಾನಿಕ್ ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು "ನೋಡಿ, ಎಂಜಿನ್ ಆಫ್ ಆಗಲಿಲ್ಲ, ಡೈನಮೋ ಚೆನ್ನಾಗಿದೆ" ಅನ್ನೋಕೆ ಹೊರಟಿದ್ದ. (ಡೈನಮೋ ಅಂದರೆ ಅವರ ಬಾಯಲ್ಲಿ ಆಲ್ಟರ್ನೇಟರ್.) ಯಾರಾದರೂ ಹೀಗೆ ಮಾಡಲು ಬಂದರೆ ಕೈ ಹಿಡಿದು ನಿಲ್ಲಿಸಿ. ಹಳೇ ಕಾಲದ ಗಾಡಿಗಳಿಗೆ ನಡೆಯುತ್ತಿದ್ದ ಆಟ ಅದು. ಈಗಿನ ಕಾರುಗಳಲ್ಲಿ ಬ್ಯಾಟರಿ ಕಳಚಿದ ಕ್ಷಣ ವೋಲ್ಟೇಜ್ ದಿಢೀರ್ ಏರಿ ಆಲ್ಟರ್ನೇಟರ್ ಒಳಗಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ), ಕಾರಿನ ಕಂಪ್ಯೂಟರ್ ಎಲ್ಲ ಸುಟ್ಟುಹೋಗಬಹುದು.

ಇನ್ನು ಆ ಮೂರನೆಯದು. ಕಾರು ಲಾಕ್ ಆಗಿ ನಿಂತಿದ್ದರೂ ಗಡಿಯಾರ, ಅಲಾರಂ, ಕೀ ರಿಸೀವರ್ ಸ್ವಲ್ಪ ಕರೆಂಟ್ ತಿನ್ನುತ್ತಲೇ ಇರುತ್ತವೆ. ಸಾಮಾನ್ಯವಾಗಿ 50 ಮಿಲಿಆಂಪಿಯರ್, ಅಂದರೆ 0.05 ಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಅಳೆಯೋಕೆ ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್‌ಗೂ ಬ್ಯಾಟರಿಗೂ ನಡುವೆ ಮೀಟರ್ ಸೇರಿಸಬೇಕು, ಕೆಂಪು ವೈರ್ 10 ಆಂಪಿಯರ್ ತೂತಿನಲ್ಲಿರಬೇಕು. ಮೀಟರ್ ಹಾಗಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ. ಕೀ ದೂರ ಇಡಿ. ಬಾಗಿಲು ತೆರೆದಿಟ್ಟು ಕೆಲಸ ಮಾಡುವುದಾದರೆ ಬಾಗಿಲಿನ ಲಾಕ್ ಕೊಂಡಿಯನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿಬಿಡಿ, ಆಗ ಕಾರಿಗೆ ಬಾಗಿಲು ಹಾಕಿದಂತೆ ಅನಿಸುತ್ತದೆ. (ಕೊನೆಗೆ ಹಿಡಿ ಎಳೆದು ಕೊಂಡಿ ಬಿಡಿಸಿಯೇ ಬಾಗಿಲು ಹಾಕಿ, ಇಲ್ಲದಿದ್ದರೆ ಲಾಕ್ ಮುರಿಯುತ್ತದೆ.) ಆಮೇಲೆ ಕಾಯಬೇಕು. ಕಾರಿನ ಕಂಪ್ಯೂಟರ್‌ಗಳು ಒಂದೊಂದಾಗಿ ಮಲಗೋಕೆ ಅರ್ಧ ಗಂಟೆಯಾದರೂ ಬೇಕಾಗಬಹುದು. ಅವಸರ ಮಾಡಿದರೆ ಮೀಟರ್ ಸುಳ್ಳು ಹೇಳುತ್ತದೆ.

ನನ್ನ ಕಾರಿನಲ್ಲಿ ಎಷ್ಟು ಕಾದರೂ ಅಂಕಿ 0.6 ಆಂಪಿಯರ್‌ಗಿಂತ ಕೆಳಗೆ ಇಳಿಯಲೇ ಇಲ್ಲ. ದಿನಕ್ಕೆ 14 ಆಂಪಿಯರ್-ಅವರ್‌ಗಿಂತ ಜಾಸ್ತಿ ಆಯ್ತಲ್ವಾ? 45 ಆಂಪಿಯರ್-ಅವರ್‌ನ ಬ್ಯಾಟರಿ ಎರಡು ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ.

ಈಗ ಒಂದೊಂದೇ ಫ್ಯೂಸ್ ಕೀಳುತ್ತಾ ಹೋದರೆ ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೋ ಆ ಲೈನಿನಲ್ಲೇ ಕಳ್ಳ. ಆದರೆ ಫ್ಯೂಸ್ ಮತ್ತೆ ಹಾಕುವಾಗ ಮಲಗಿದ್ದ ಕಂಪ್ಯೂಟರ್ ಎದ್ದುಬಿಡುವುದುಂಟು. ಅದಕ್ಕೇ ಜಾಣರು ಫ್ಯೂಸ್ ಕೀಳದೆ, ಕೇಬಲ್ ಕೂಡ ಬಿಚ್ಚದೆ, ಫ್ಯೂಸಿನ ತಲೆಯ ಮೇಲೆ ಕಾಣುವ ಎರಡು ಲೋಹದ ಚುಕ್ಕಿಗಳಿಗೆ ಮೀಟರ್ ಮುಟ್ಟಿಸಿ ಮಿಲಿವೋಲ್ಟ್ ನೋಡುತ್ತಾರೆ. ಸೊನ್ನೆ ಬಂದರೆ ಅದರಲ್ಲಿ ಕರೆಂಟ್ ಹರಿಯುತ್ತಿಲ್ಲ. ಒಂಚೂರು ಬಂದರೂ ಹರಿಯುತ್ತಿದೆ. ನನಗೆ ಸಿಕ್ಕಿದ್ದು ಆಡಿಯೋ ಫ್ಯೂಸ್.

ಹೊರಗಡೆ ಹಾಕಿಸುವ ಮ್ಯೂಸಿಕ್ ಸಿಸ್ಟಮ್‌ಗೆ ಸಾಮಾನ್ಯವಾಗಿ ಹಳದಿ ವೈರಿಗೆ ಸದಾ ಕರೆಂಟ್ ಇರುತ್ತದೆ, ಸೆಟ್ಟಿಂಗ್ ನೆನಪಿಟ್ಟುಕೊಳ್ಳೋಕೆ. ಕೆಂಪು ವೈರಿಗೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರಬೇಕು. ನನ್ನ ಕಾರಿನಲ್ಲಿ ಎರಡನ್ನೂ ಒಟ್ಟಿಗೆ ಹೊಸೆದು ಸದಾ ಇರುವ ಲೈನಿಗೇ ಕಟ್ಟಿದ್ದರು. ಕೀ ತೆಗೆದರೂ ಹಾಡು ನಿಲ್ಲುತ್ತಿರಲಿಲ್ಲ, ಬಟನ್ ಒತ್ತಬೇಕಿತ್ತು. ಹಾಕಿದವರು ಇದನ್ನು "ಒಳ್ಳೇ ಫೀಚರ್ ಸಾರ್" ಅಂತ ಹೊಗಳಿದ್ದರು! ಬಟನ್ ಒತ್ತಿದರೆ ಸ್ಕ್ರೀನ್ ಕಪ್ಪಾಗುತ್ತಿತ್ತು, ಆದರೆ ಒಳಗೆ ಸೆಟ್ ಎಚ್ಚರವಾಗಿಯೇ ಇತ್ತು. ಸೀಟಿನ ಕೆಳಗಿನ ಆಂಪ್ಲಿಫೈಯರ್ ಬೆಳಗಿನ ಚಳಿಯಲ್ಲೂ ಕೈಗೆ ಬೆಚ್ಚಗೆ ಸಿಗುತ್ತಿತ್ತು.

ಗಂಟು ಬಿಡಿಸಿ ಕೆಂಪು ವೈರನ್ನು ಕೀ ಲೈನಿಗೆ ಹಾಕಿದ ಮೇಲೆ ಅಂಕಿ 0.03 ಆಂಪಿಯರ್‌ಗೆ ಇಳಿಯಿತು. ನಿಮ್ಮ ಕಾರಿನಲ್ಲಿ ಕಳ್ಳ ಬೇರೆ ಇರಬಹುದು. ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಮುಚ್ಚಿದರೂ ಆರದ ಡಿಕ್ಕಿ ಲೈಟ್, ಅಂಟಿಕೊಂಡ ರಿಲೇ (ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್), ಆಲ್ಟರ್ನೇಟರ್ ಒಳಗೆ ಹಾಳಾದ ಡಯೋಡ್. ಹೊರಗಡೆ ಹಾಕಿಸಿದ್ದನ್ನೇ ಮೊದಲು ಅನುಮಾನಿಸಿ.

ಇಷ್ಟಾದರೂ ಆ ಹೊಸ ಬ್ಯಾಟರಿ ಮೊದಲಿನಂತಿಲ್ಲ. ಪದೇ ಪದೇ ಪೂರ್ತಿ ಖಾಲಿಯಾದರೆ ಒಳಗಿನ ಪ್ಲೇಟ್‌ಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಅಷ್ಟರ ಮಟ್ಟಿಗೆ ಚಾರ್ಜ್ ಹಿಡಿಯುವ ಶಕ್ತಿ ವಾಪಸ್ ಬರಲ್ಲ. ಸೋರಿಕೆ ಸಿಗುವ ತನಕ ಕಾರು ನಿಲ್ಲಿಸುವಾಗ ನೆಗೆಟಿವ್ ಟರ್ಮಿನಲ್ ಬಿಚ್ಚಿಟ್ಟುಬಿಡಿ. ಗಡಿಯಾರ ಮತ್ತೆ ಸೆಟ್ ಮಾಡಬೇಕಾಗುತ್ತದೆ, ಕೆಲವು ಕಾರುಗಳಲ್ಲಿ ರೇಡಿಯೋ ಕೋಡ್ ಕೂಡ ಕೇಳುತ್ತದೆ. ಅದನ್ನು ಮೊದಲೇ ಹುಡುಕಿ ಬರೆದಿಟ್ಟುಕೊಂಡಿರಿ.