ತೋಟ, ಬಾಡಿಗೆ ಮನೆ, ಇಂಡೆಕ್ಸ್ ಫಂಡ್: ಐವತ್ತೆರಡಕ್ಕೆ ಕೆಲಸ ಬಿಡಲು ಮೂರನ್ನೂ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ: ನನ್ನ ಓಟು ಷೇರುಪೇಟೆಯ ಸೂಚ್ಯಂಕದಲ್ಲಿರುವ ಕಂಪನಿಗಳ ಷೇರನ್ನೇ ಕೊಳ್ಳುವ ಇಂಡೆಕ್ಸ್ ಫಂಡಿಗೆ, ಅದರ ಪಕ್ಕದಲ್ಲಿ ಸರ್ಕಾರದ 15 ವರ್ಷದ ಉಳಿತಾಯ ಖಾತೆಯಾದ ಪಿಪಿಎಫ್‌ಗೆ. ಮೂಡಿಗೆರೆ ಕಡೆ ಎರಡು ಎಕರೆ ಕಾಫಿ ತೋಟ ಕೊಂಡು, ನಾಲ್ಕು ವರ್ಷ ಒದ್ದಾಡಿ, ಮಾರಿ ಬಂದವನ ಮಾತು ಇದು.

2018ರಲ್ಲಿ ನನಗೆ 42 ವರ್ಷ. ಹಾಸನದ ಒಂದು ಖಾಸಗಿ ಕಾರ್ಖಾನೆಯಲ್ಲಿ ಲೆಕ್ಕಪತ್ರದ ಕೆಲಸ. ನೆಚ್ಚಿಕೊಳ್ಳುವಂಥ ಪಿಂಚಣಿ ಇಲ್ಲ. 52ಕ್ಕೆ ಕೆಲಸ ಬಿಡಬೇಕು ಎಂದು ಹೆಂಡತಿಯೂ ನಾನೂ ಕೂತು ಲೆಕ್ಕ ಹಾಕಿದೆವು. ಈಗಿನ ಮನೆ ಖರ್ಚು ತಿಂಗಳಿಗೆ 38,000 ರೂಪಾಯಿ, ವರ್ಷಕ್ಕೆ 4.56 ಲಕ್ಷ. ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ತೋರಿಸಿದ ಲೆಕ್ಕ ಹೀಗಿದೆ: ಕೂಡಿಟ್ಟ ಗಂಟಿನಿಂದ ಮೊದಲ ವರ್ಷ ಶೇ 4ರಷ್ಟು ತೆಗೆದು, ಆಮೇಲೆ ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸುತ್ತ ಹೋದರೆ 30 ವರ್ಷ ಬಾಳುತ್ತದೆ. ಅಂದರೆ ವರ್ಷದ ಖರ್ಚಿನ 25 ಪಟ್ಟು ಇರಬೇಕು. ಆದರೆ ಅದು ಅಲ್ಲಿನ ಷೇರು, ಬಾಂಡುಗಳ ಇತಿಹಾಸ ನೋಡಿ ಹೇಳಿದ್ದು, ಅದೂ 30 ವರ್ಷಕ್ಕೆ. 52ಕ್ಕೆ ಮನೆಯಲ್ಲಿ ಕೂರುವವರಿಗೆ 40 ವರ್ಷದ ಅನ್ನ ಬೇಕು. ಅದಕ್ಕೇ ನಾವು 33 ಪಟ್ಟು ಎಂದು ಇಟ್ಟುಕೊಂಡೆವು, ಸುಮಾರು ಒಂದೂವರೆ ಕೋಟಿ.

ಬಾಡಿಗೆ ಮನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಮನೆಯ ಮೇಲೆ 18 ಲಕ್ಷ ಹಾಕಿ ಒಂದು ಅಂತಸ್ತು ಕಟ್ಟಿಸಿದ್ದೆವು, ಬಾಡಿಗೆ 9,000. ಬಣ್ಣ, ಮೋಟಾರು ರಿಪೇರಿ, ಖಾಲಿ ಬಿದ್ದ ತಿಂಗಳುಗಳನ್ನು ಕಳೆದರೆ ಬ್ಯಾಂಕಿನ ಠೇವಣಿಗಿಂತ ಕಡಿಮೆಯೇ ಉಳಿಯುತ್ತದೆ. ತೆರಿಗೆ ಲೆಕ್ಕದಲ್ಲಿ ಬಾಡಿಗೆಯ ಶೇ 30ರಷ್ಟನ್ನು ಕಳೆಯಲು ಬಿಡುತ್ತಾರೆ, ಅದೊಂದು ಅನುಕೂಲ. ಇರುವವರು ಒಳ್ಳೆಯ ಜನ. ಆ ಹಣ ಅಮ್ಮನ ಔಷಧಿಗೆ ಆಗುತ್ತಿದೆ, ಆಗಲಿ. ಇನ್ನೊಂದು ಅಂತಸ್ತು ಮಾತ್ರ ಏರಿಸುವುದಿಲ್ಲ.

ಇನ್ನು ತೋಟ. 2018ರ ಮೇ ತಿಂಗಳಲ್ಲಿ 24 ಲಕ್ಷ ಕೊಟ್ಟು ರೊಬಸ್ಟಾ ತೋಟ ಕೊಂಡೆ. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಮೂಲೆಯಲ್ಲಿ ಸಣ್ಣ ಕೆರೆ. ನೋಡಿದ ಕೂಡಲೇ ಮನಸ್ಸು ಸೋತಿತ್ತು. ಮೊದಲ ಕೊಯ್ಲಿನಲ್ಲಿ 36 ಮೂಟೆ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಬಂತು. ಗೊಬ್ಬರ, ಕಳೆ, ನೆರಳಿನ ಮರದ ಕೊಂಬೆ ಕಡಿಸುವ ಮರಗಸಿ, ಚಿಗುರು ತೆಗೆಸುವುದು, ಕೊಯ್ಲಿನ ಕೂಲಿ ಎಲ್ಲ ಕಳೆದು ಕೈಯಲ್ಲಿ ನಿಂತದ್ದು 31,000. ಹೂಮಳೆ ತಪ್ಪಿದರೆ, ಆಗಸ್ಟಿನ ಮಳೆಗೆ ಕಾಯಿ ಉದುರಿದರೆ ಅದೂ ಇಲ್ಲ. ಇದೆಲ್ಲ ತೋಟದವರಿಗೆ ಗೊತ್ತಿರುವ ವಿಷಯ, ನನಗೂ ಗೊತ್ತಿತ್ತು. ಗೊತ್ತಿಲ್ಲದೆ ಹೋದದ್ದು ದಾರಿಯ ವಿಷಯ.

ನಮ್ಮ ತೋಟಕ್ಕೆ ಹೋಗುವ ಜೀಪಿನ ದಾರಿ ಪಕ್ಕದವರ ತೋಟದೊಳಗಿಂದ ಹಾದುಹೋಗುತ್ತಿತ್ತು. ಕೊಳ್ಳುವಾಗ ಅಲ್ಲಿ ಬರೀ ಒಂದು ಉಣುಗೋಲು, ಗಳುಗಳನ್ನು ಸರಿಸಿ ತೆಗೆಯುವ ಅಡ್ಡಗಟ್ಟು. ಆ ಮನೆಯ ಯಜಮಾನರೇ ಅದನ್ನು ಸರಿಸಿ, ‘ಬನ್ನಿ, ಕಾಫಿ ಕುಡಿದು ಹೋಗಿ’ ಎಂದಿದ್ದರು. ಕ್ರಯಪತ್ರದ ಚಕ್ಕುಬಂದಿಯಲ್ಲಿ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ನಾಲ್ಕೂ ಕಡೆ ಬೇರೆಯವರ ಜಮೀನು ಎಂದು ಸ್ಪಷ್ಟವಾಗಿ ಬರೆದಿತ್ತು. ದಿನವಿಡೀ ಲೆಕ್ಕದ ಪುಸ್ತಕ ತಿದ್ದುವ ನಾನು ಆ ನಾಲ್ಕು ಸಾಲುಗಳನ್ನು ಓದಿ ಸಹಿ ಹಾಕಿದೆ. ದಾರಿ ಎಲ್ಲಿ ಎಂದು ಕೇಳಲಿಲ್ಲ.

2020ರಲ್ಲಿ ಯಜಮಾನರು ತೀರಿಕೊಂಡರು. ಮರುವರ್ಷ ಜನವರಿಯಲ್ಲಿ, ಕೊಯ್ಲಿನ ನಡುವೆ, ಉಣುಗೋಲಿದ್ದ ಜಾಗದಲ್ಲಿ ಕಬ್ಬಿಣದ ಗೇಟು ಬಂತು, ಅದಕ್ಕೆ ಬೀಗ. ಅವರ ಮಗನಿಗೆ ಫೋನು ಮಾಡಿದರೆ ಎತ್ತಲಿಲ್ಲ. ಅಂದು 12 ಜನ ಕೊಯ್ದ 14 ಚೀಲ ಹಣ್ಣು ತೋಟದಲ್ಲೇ ಉಳಿಯಿತು; ಒಣಗಿಸಲು ನಮ್ಮದೇ ಕಣ ಇರಲಿಲ್ಲ, ಪಕ್ಕದ ಊರಿನ ಬಾಡಿಗೆ ಕಣಕ್ಕೆ ಸಾಗಿಸಬೇಕಿತ್ತು. ಬೆಳಿಗ್ಗೆ ಹೋಗಿ ಒಂದು ಚೀಲದ ಬಾಯಿ ಬಿಚ್ಚಿ ಕೈ ಹಾಕಿದೆ. ಒಳಗೆ ಜ್ವರ ಬಂದ ಮೈಯಂತೆ ಬಿಸಿ, ಹುಳಿ ವಾಸನೆ, ಕೈಗೆಲ್ಲ ಅಂಟು. ಕೊನೆಗೆ ಆಳುಗಳು ಗದ್ದೆ ಬದುವಿನ ಮೇಲೆ ತಲೆಹೊರೆಯಲ್ಲಿ ಅಷ್ಟನ್ನೂ ಟಾರು ರಸ್ತೆಗೆ ತಂದರು. ಅವರಿಗೆ ಎರಡು ದಿನದ ಕೂಲಿ ಕೊಟ್ಟೆ. ಕೊಡಲೇಬೇಕಿತ್ತು.

ವಕೀಲರು 1882ರ ಅನುಭೋಗದ ಹಕ್ಕುಗಳ, ಅಂದರೆ ಬೇರೆಯವರ ಜಮೀನನ್ನು ದಾರಿ ಮೊದಲಾದವಕ್ಕೆ ಬಳಸುವ ಹಕ್ಕುಗಳ, ಕಾಯ್ದೆಯನ್ನು ವಿವರಿಸಿದರು. ಎರಡೂ ಜಮೀನು ಹಿಂದೆ ಒಬ್ಬರದೇ ಆಗಿದ್ದರೆ, ಬೇರೆ ದಾರಿಯೇ ಇಲ್ಲದ ಜಮೀನಿಗೆ ಅಗತ್ಯದ ದಾರಿ ಕೇಳಬಹುದು, 20 ವರ್ಷ ಅಡ್ಡಿಯಿಲ್ಲದೆ ಹಕ್ಕಿನಿಂದ ಬಳಸಿದ್ದರೆ ಅದನ್ನೂ ಮುಂದಿಡಬಹುದು. ಆದರೆ ಸಿವಿಲ್ ದಾವೆ, ಸಾಕ್ಷಿ, ವಾಯಿದೆ. ಕೆಲಸ ಬಿಟ್ಟು ನೆಮ್ಮದಿಯಾಗಿರಲು ಕೊಂಡ ತೋಟಕ್ಕಾಗಿ ರಜೆ ಹಾಕಿ ಕೋರ್ಟಿಗೆ ಅಲೆಯಬೇಕಿತ್ತು. ಇನ್ನೊಂದು ಕೊಯ್ಲನ್ನು ಬದುವಿನ ಮೇಲೇ ಹೊರಿಸಿ, 2022ರಲ್ಲಿ 26 ಲಕ್ಷಕ್ಕೆ ಮಾರಿದೆ. ಕೊಂಡವರು ಅದೇ ಪಕ್ಕದವರು. ದಾರಿಯಿಲ್ಲದ ತೋಟಕ್ಕೆ ಬೇರೆ ಗಿರಾಕಿ ಯಾರು ಬರುತ್ತಾರೆ? ನೋಂದಣಿ, ಮುದ್ರಾಂಕಕ್ಕೆ ಕೊಟ್ಟದ್ದನ್ನು ಸೇರಿಸಿದರೆ ನಾಲ್ಕು ವರ್ಷಕ್ಕೆ ಆ 26 ಲಕ್ಷದಲ್ಲಿ ಲಾಭವೆಂಬುದು ಉಳಿಯಲಿಲ್ಲ.

2024ರಲ್ಲಿ ರೊಬಸ್ಟಾ ಚೆರಿ ಮೂಟೆಗೆ ಹತ್ತು ಸಾವಿರ ದಾಟಿದಾಗ ನೆಂಟರೆಲ್ಲ ‘ಮಾರಬಾರದಿತ್ತು’ ಎಂದರು. ಬೆಲೆ ನೋಡಿ ನನಗೂ ಸಂಕಟವಾಯಿತು. ಆದರೆ ಆ ಬೆಲೆಯ ಕಾಫಿಯೂ ಅದೇ ಗೇಟಿನ ಮುಂದೆ ನಿಲ್ಲಬೇಕಿತ್ತು.

ಇಂಡೆಕ್ಸ್ ಫಂಡಿಗೆ 2018ರ ಏಪ್ರಿಲ್‌ನಿಂದ ತಿಂಗಳಿಗೆ 12,000 ಹಾಕುತ್ತಿದ್ದೇನೆ, 50 ದೊಡ್ಡ ಕಂಪನಿಗಳ ಸೂಚ್ಯಂಕವಾದ ನಿಫ್ಟಿ 50ರದ್ದು. ಹೆದರಿಕೆ ಇಲ್ಲಿಯೂ ಇದೆ. 2020ರ ಜನವರಿಯಲ್ಲಿ 12,000ದ ಮೇಲಿದ್ದ ನಿಫ್ಟಿ ಮಾರ್ಚ್ 23ಕ್ಕೆ ಸುಮಾರು 7,600ಕ್ಕೆ ಕುಸಿದಿತ್ತು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಹೆಂಡತಿ ‘ಈಗ ಬೇಕಾದ ದುಡ್ಡಲ್ಲವಲ್ಲ, ಬಿಡಿ’ ಎಂದಳು. ಬಿಟ್ಟೆ, ಕಂತನ್ನೂ ನಿಲ್ಲಿಸಲಿಲ್ಲ. 2021ರ ಡಿಸೆಂಬರಿನಲ್ಲಿ ಅಮ್ಮ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. 1.8 ಲಕ್ಷ ಬೇಕಿತ್ತು. ಸೋಮವಾರ ಬೆಳಿಗ್ಗೆ ಮೊಬೈಲಿನಲ್ಲೇ ಅಷ್ಟು ಮೊತ್ತದ ಯೂನಿಟ್ ಮಾರಿದೆ, ಗುರುವಾರ ಖಾತೆಗೆ ಬಂತು. ಆಗ ತೋಟವೂ ನಮ್ಮದೇ ಆಗಿತ್ತು, 24 ಲಕ್ಷದ್ದು. ಅದರಿಂದ ಎರಡು ಸಾಲು ಗಿಡ ಮಾರಿ ಆಸ್ಪತ್ರೆಗೆ ಕಟ್ಟಲು ಆಗುತ್ತದೆಯೇ? ಅಂದಿನಿಂದ ನನ್ನ ಮನಸ್ಸು ಬದಲಾಗಿಲ್ಲ. ತೋಟ ಮಾರಿದ ಹಣವೂ ಆರು ಕಂತಿನಲ್ಲಿ ಅಲ್ಲಿಗೇ ಹೋಯಿತು. ವರ್ಷಕ್ಕೆ 1.25 ಲಕ್ಷದ ಮೇಲಿನ ದೀರ್ಘಾವಧಿ ಲಾಭಕ್ಕೆ ಶೇ 12.5 ತೆರಿಗೆ ಇದೆ, ಇರಲಿ.

ಪಿಪಿಎಫ್ ಬಡ್ಡಿ 2020ರ ಏಪ್ರಿಲ್‌ನಿಂದ ಶೇ 7.1ರಲ್ಲೇ ನಿಂತಿದೆ, ಆದರೆ ತೆರಿಗೆ ಇಲ್ಲ. ತಿಂಗಳ 5ರೊಳಗೆ ಕಟ್ಟಿದರೆ ಮಾತ್ರ ಆ ತಿಂಗಳ ಬಡ್ಡಿ ಸಿಗುತ್ತದೆ; ಸಂಬಳ ಬಂದ ದಿನವೇ ಕಟ್ಟುವುದು ನನಗೆ ಅಭ್ಯಾಸ. ನನ್ನ ಖಾತೆಯ 15 ವರ್ಷ ಮುಗಿಯುವ ಹೊತ್ತಿಗೆ ನನಗೆ 58 ಆಗಿರುತ್ತದೆ. ನಡುವೆ ಒಂದು ಭಾಗ ತೆಗೆಯಲು ಅವಕಾಶವಿರುವುದರಿಂದ ತೊಂದರೆಯಿಲ್ಲ.

ಪಿಎಫ್ ಸೇರಿಸಿ ಈಗ ಗುರಿಯ ಮೂರನೇ ಎರಡು ಭಾಗಕ್ಕೆ ಬಂದಿದ್ದೇವೆ. ಅಪ್ಪನ ಕಾಲದ ತೋಟ ಇದ್ದು, ಊರಿನಲ್ಲೇ ಬದುಕುವವರಾದರೆ ನನ್ನ ಮಾತು ಕೇಳಬೇಕಿಲ್ಲ. ಹಾಸನದಲ್ಲಿ ಕೆಲಸ ಮಾಡಿಕೊಂಡು ಭಾನುವಾರ ಮಾತ್ರ ಬಿಡುವಿರುವ, 40 ದಾಟಿದ ನನ್ನಂಥವರಿಗೆ ಇಂಡೆಕ್ಸ್ ಫಂಡೇ ಸರಿ. ಕಳೆದ ವಾರ ಸಹೋದ್ಯೋಗಿಯೊಬ್ಬರು ಸಕಲೇಶಪುರದ ಹತ್ತಿರ ತೋಟ ನೋಡಿ ಬಂದೆ ಎಂದರು, ಮೊಬೈಲಿನಲ್ಲಿ ಹೂಬಿಟ್ಟ ಗಿಡಗಳನ್ನು ತೋರಿಸಿದರು. ಬಹಳ ಚೆನ್ನಾಗಿತ್ತು. ಗ್ರಾಮನಕ್ಷೆ ತೆಗೆಸಿ, ಟಾರು ರಸ್ತೆಯಿಂದ ಆ ಜಮೀನಿನವರೆಗೆ ದಾರಿಯ ಗೆರೆ ಇದೆಯೇ ನೋಡಿ, ಅಲ್ಲಿಯವರೆಗೆ ಮುಂಗಡ ಕೊಡಬೇಡಿ ಎಂದೆ.