ರಿಟ್ ಹಾಕೋದಾದರೆ ಬೆಂಗಳೂರೋ, ದೆಹಲಿಯೋ?

ಮಂಡ್ಯದ ನಮ್ಮ ಭಾವ ಭೂಸ್ವಾಧೀನದ ನೋಟಿಸ್ ಹಿಡಿದು, "ನೇರ ಸುಪ್ರೀಂ ಕೋರ್ಟಿಗೇ ಹೋಗ್ತೀನಿ" ಅಂತ ಕೂತಿದ್ದರು. ಸಂವಿಧಾನದ 32ನೇ ವಿಧಿಯಲ್ಲಿ ರಿಟ್ (ಸರ್ಕಾರದ ಕ್ರಮ ಪ್ರಶ್ನಿಸಿ ನೇರ ಮೇಲಿನ ಕೋರ್ಟಿಗೆ ಹಾಕೋ ಅರ್ಜಿ) ಹಾಕೋ ಆ ದಾರಿ ಇದೆ ನಿಜ, ಆದರೆ ಮೂಲಭೂತ ಹಕ್ಕಿಗೆ ಪೆಟ್ಟು ಬಿದ್ದಾಗ ಮಾತ್ರ. ಆಸ್ತಿ ಹಕ್ಕು 1978ರ 44ನೇ ತಿದ್ದುಪಡಿ ಆದಮೇಲೆ ಆ ಪಟ್ಟಿಯಲ್ಲೇ ಇಲ್ಲ, 300ಎ ವಿಧಿಗೆ ಹೋಗಿ ಕೂತಿದೆ!

ಬೆಂಗಳೂರಿನ ಹೈಕೋರ್ಟಿನ 226ನೇ ವಿಧಿಯ ಬಾಗಿಲು ಜಾಸ್ತಿ ಅಗಲ. ಬೇರೆ ಕಾನೂನು ಹಕ್ಕುಗಳಿಗೂ ಅಲ್ಲಿ ರಿಟ್ ನಡೆಯುತ್ತದೆ. ಒಬ್ಬ ಜಡ್ಜ್ ಮುಂದೆ ಸೋತರೆ ಇಬ್ಬರ ಪೀಠಕ್ಕೆ ರಿಟ್ ಅಪೀಲು. ಅಲ್ಲೂ ಸೋತರೆ 136ನೇ ವಿಧಿಯಲ್ಲಿ, 90 ದಿನದೊಳಗೆ, ದೆಹಲಿಗೆ ಹೋಗಬಹುದು; ಕೇಳೋದು ಬಿಡೋದು ಅವರಿಗೆ ಬಿಟ್ಟದ್ದು. ಮೊದಲೇ ದೆಹಲಿಗೆ ಹೋಗಿ ಸೋತರೆ ಇಷ್ಟು ಮೆಟ್ಟಿಲು ಸಿಗಲ್ಲ, ಅಲ್ವಾ?

ಖರ್ಚು ಬೇರೆ. ಬೆಂಗಳೂರಾದರೆ ಬೆಳಿಗ್ಗೆ ಮಂಡ್ಯದಲ್ಲಿ ರೈಲು ಹತ್ತಿದರೆ ಸಂಜೆಗೆ ಮನೆ. ದೆಹಲಿಯಲ್ಲಿ ಊರಿನ ವಕೀಲರು ಸುಮ್ನೆ ಹೋಗಿ ಕೇಸು ಹಾಕೋಕಾಗಲ್ಲ, ಅಡ್ವೊಕೇಟ್ ಆನ್ ರೆಕಾರ್ಡ್ (ಸುಪ್ರೀಂ ಕೋರ್ಟಲ್ಲಿ ಕೇಸು ಹಾಕೋಕೆ ನೋಂದಾಯಿಸಿಕೊಂಡ ವಕೀಲರು) ಮೂಲಕವೇ ಹಾಕಬೇಕು.

ದೊಡ್ಡ ಕೋರ್ಟು ಅನ್ನೋ ಮೋಹಕ್ಕೆ ಒಂದು ಮಾತು: ಸುಪ್ರೀಂ ಕೋರ್ಟ್ ಶುರುವಾಗಿದ್ದು 1950ರಲ್ಲಿ. ನಮ್ಮ ಮೈಸೂರು ಸಂಸ್ಥಾನದ ಚೀಫ್ ಕೋರ್ಟ್ 1884ರದ್ದು, 1930ರಲ್ಲೇ ಹೈಕೋರ್ಟ್ ಆಗಿತ್ತು; ಅದೇ ಈಗಿನ ಕರ್ನಾಟಕ ಹೈಕೋರ್ಟ್.

ಭಾವ ಬೆಂಗಳೂರಿನ ರೈಲು ಹತ್ತಿದರು.